ಸಹಾಯ ಬೇಕು: 64 ಬಿಟ್ ಗುಣಾಕಾರದ ಮೇಲಿನ ಅರ್ಧವನ್ನು ಕಂಪೈಲರ್‌ನಿಂದ ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಿ ಭಾಷೆಯಲ್ಲಿ ದೊಡ್ಡ ಪೂರ್ಣಾಂಕಗಳ ಲೈಬ್ರರಿ ಬರೆಯುತ್ತಿದ್ದೇನೆ. ಎರಡು 64 ಬಿಟ್ ಸಂಖ್ಯೆ ಗುಣಿಸಿದರೆ ಉತ್ತರ 128 ಬಿಟ್‌ವರೆಗೂ ಹೋಗುತ್ತೆ, ನನಗೆ ಮೇಲಿನ 64 ಬಿಟ್, ಕೆಳಗಿನ 64 ಬಿಟ್ ಎರಡೂ ಅರ್ಧ ಬೇಕು.

ಶಾಲೆಯ ಗುಣಾಕಾರದ ಹಾಗೆ ಪ್ರತಿ ಸಂಖ್ಯೆಯನ್ನು 32 ಬಿಟ್‌ನ ಎರಡು ತುಂಡು ಮಾಡಿ ನಾಲ್ಕು ಸಲ ಗುಣಿಸಿದೆ. ನಡುವಿನ ಎರಡು ಗುಣಲಬ್ಧಗಳನ್ನು ನೇರವಾಗಿ ಕೂಡಿಸಿದ್ದರಿಂದ ಮೊತ್ತವೇ 64 ಬಿಟ್ ಮೀರಿ ಕ್ಯಾರಿ (ಮೇಲಿನ ಸ್ಥಾನಕ್ಕೆ ಒಯ್ಯಬೇಕಾದ ಬಿಟ್) ಕಳೆದುಹೋಗುತ್ತಿತ್ತು. ಅದನ್ನು ಹುಡುಕಲು ಎರಡು ದಿನ ಹಿಡಿಯಿತು. ಈಗ ಎರಡೂ ಕಡೆ ಎಲ್ಲ ಬಿಟ್ 1 ಕೊಟ್ಟರೆ ಕೆಳಗಿನ ಅರ್ಧ 1, ಮೇಲಿನದ್ದು 2ರ 64ನೇ ಘಾತಕ್ಕಿಂತ 2 ಕಡಿಮೆ. ಉತ್ತರ ಸರಿ.

ತೊಂದರೆ ವೇಗದ್ದು. ಕಂಪೈಲರ್‌ನ ಆಪ್ಟಿಮೈಸೇಶನ್ (ಕೋಡ್ ವೇಗಗೊಳಿಸುವ ಆಯ್ಕೆ) ಹಾಕಿದರೂ ಅದು ಕೊಡುವ ಅಸೆಂಬ್ಲಿಯಲ್ಲಿ (ಪ್ರೊಸೆಸರ್ ಸೂಚನೆಗಳ ಪಟ್ಟಿ) ನಾಲ್ಕು ಗುಣಾಕಾರ, ಜೊತೆಗೆ ಶಿಫ್ಟ್, ಕೂಡಿಕೆಗಳ ಸಾಲು ಹಾಗೇ ಉಳಿದಿದೆ. ಎಕ್ಸ್86-64 ಪ್ರೊಸೆಸರ್‌ಗಳಲ್ಲಿ ಒಂದೇ ಮಲ್ (ಗುಣಾಕಾರ) ಸೂಚನೆ ಎರಡೂ ಅರ್ಧವನ್ನು ಆರ್‌ಡಿಎಕ್ಸ್, ಆರ್‌ಎಎಕ್ಸ್ ರಿಜಿಸ್ಟರ್‌ಗಳಲ್ಲಿ ಇಡುತ್ತೆ. 64 ಬಿಟ್ ಆರ್ಮ್‌ನಲ್ಲಿ ಮೇಲಿನ ಅರ್ಧಕ್ಕೆಂದೇ ಯುಮಲ್‌ಹೆಚ್ ಸೂಚನೆ ಇದೆ.

ಜಿಸಿಸಿ ಕಂಪೈಲರ್‌ನ 128 ಬಿಟ್ ಟೈಪ್‌ಗೆ ಕಾಸ್ಟ್ ಮಾಡಿ (ಆ ಟೈಪ್‌ಗೆ ಬದಲಿಸಿ) ಗುಣಿಸಿದರೆ ಒಂದೇ ಸೂಚನೆ ಬರುತ್ತೆ, ಆದರೆ 32 ಬಿಟ್ ಟಾರ್ಗೆಟ್‌ನಲ್ಲಿ (ಕೋಡ್ ಓಡಬೇಕಾದ ಪ್ರೊಸೆಸರ್) ಆ ಟೈಪೇ ಇಲ್ಲ. ಅಲ್ಲಿ ಎರಡು 32 ಬಿಟ್ ಸಂಖ್ಯೆಗಳನ್ನು ಗುಣಿಸುವ ಮೊದಲೇ 64ಕ್ಕೆ ಕಾಸ್ಟ್ ಮಾಡಿದರೆ ಮಾತ್ರ ಕಂಪೈಲರ್ ತಕ್ಷಣ ಗುರುತಿಸಿ ಒಂದೇ ಗುಣಾಕಾರ ಹಾಕುತ್ತೆ. ಅಷ್ಟನ್ನು ಗುರುತಿಸುವ ಕಂಪೈಲರ್‌ಗೆ ನನ್ನ ನಾಲ್ಕು ತುಂಡಿನ ರೂಪ ಯಾಕೆ ಕಾಣುತ್ತಿಲ್ಲ? ಕ್ಯಾರಿ ಕೂಡಿಸುವ ಕ್ರಮ ಬದಲಿಸಿದರೆ ಗುರುತಿಸೀತೇ, ಅಥವಾ ಪ್ರತಿ ಟಾರ್ಗೆಟ್‌ಗೂ ಮ್ಯಾಕ್ರೊ ಹಾಕಿ ಬೇರೆ ಬೇರೆ ಕೋಡ್ ಬರೆಯುವುದೇ ದಾರಿಯೇ? ಇನ್‌ಲೈನ್ ಅಸೆಂಬ್ಲಿ (ಸಿ ಕೋಡ್ ನಡುವೆಯೇ ಸೂಚನೆ ಬರೆಯುವುದು) ಬೇಡ ಅನ್ನಿಸುತ್ತೆ, ಅದರೊಳಗೆ ಆಪ್ಟಿಮೈಸರ್ ಕೈಹಾಕುವುದಿಲ್ಲ. ಇದನ್ನು ಮಾಡಿದವರು ದಯವಿಟ್ಟು ತಿಳಿಸಿ.