ಸ್ವಿಚ್ ಬೋರ್ಡಿನಿಂದ ಗಾಳಿ ಬೀಸಿದರೆ ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಮಡಿಕೇರಿ ಹತ್ತಿರ ನಮ್ಮದು ಹಂಚಿನ ಮನೆ. ಮಳೆಗಾಲ ಬಂತೆಂದರೆ ಮಲಗುವ ಕೋಣೆಯ ಸ್ವಿಚ್ ಬೋರ್ಡಿನ ಸಂದಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಮಗು ಮಲಗುವುದು ಅದರ ಪಕ್ಕದಲ್ಲೇ. ಬೋರ್ಡ್ ಬಿಚ್ಚಿ ಹತ್ತಿಯನ್ನೋ ಥರ್ಮಾಕೋಲನ್ನೋ ತುಂಬಬಹುದೇ? ಕಿಟಕಿಗೆ ಹೊಡೆದ ಫೋಮ್ ಡಬ್ಬಿಯೂ ಅರ್ಧ ಉಳಿದಿದೆ.

ಉತ್ತರ: ಮೂರೂ ಬೇಡ ಮೇಡಂ. ಹತ್ತಿ ತೇವ ಹೀರುತ್ತದೆ. ಸಡಿಲವಾದ ಸ್ಕ್ರೂ ಬಿಸಿಯಾಗಿ ಕಿಡಿ ಹಾರಿದರೆ ಹೊತ್ತಿಕೊಳ್ಳುತ್ತದೆ. ಥರ್ಮಾಕೋಲ್ ತಗುಲಿಕೊಂಡೇ ಇದ್ದರೆ ವೈರಿನ ಪಿವಿಸಿ ಹೊದಿಕೆ ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಸಾಮಾನ್ಯ ಫೋಮ್ ಉರಿಯುವ ವಸ್ತು. ಉಬ್ಬಿ ಗಟ್ಟಿಯಾದ ಮೇಲೆ ವೈರನ್ನು ಬಿಡಿಸಲೂ ಬರುವುದಿಲ್ಲ.

ಊದುಬತ್ತಿ ಹಚ್ಚಿ ಬೋರ್ಡಿನ ಬಳಿ ಹಿಡಿದು ನೋಡಿ. ಹೊಗೆ ಅಂಚಿನಲ್ಲಿ ಮಾತ್ರ ಅಲುಗಿದರೆ ಬೋರ್ಡಿನ ಡಬ್ಬಿಗೂ ಗೋಡೆಗೂ ನಡುವೆ ಸಂದು ಇದೆ. ಬೋರ್ಡ್ ಬಿಚ್ಚದೆ ಆ ಸಂದಿಗೆ ಗೋಡೆಯ ಪುಟ್ಟಿ ಮೆತ್ತಿದರೆ ಸಾಕು. ಸ್ವಿಚ್ಚುಗಳ ನಡುವಿನಿಂದಲೇ ಗಾಳಿ ಬರುತ್ತಿದ್ದರೆ ವೈರ್ ಪೈಪಿನ ಇನ್ನೊಂದು ಬಾಯಿ ಅಟ್ಟದಲ್ಲೋ ಹೊರಗೋಡೆಯಲ್ಲೋ ತೆರೆದಿದೆ ಎಂದರ್ಥ. ಮುಚ್ಚಬೇಕಾದದ್ದು ಅದನ್ನು. ವೈರಿನ ಸುತ್ತ ಡಕ್ಟ್ ಸೀಲ್ ಎಂಬ ಜೇಡಿಯಂಥ ಮೇಣ ಒತ್ತಿಸಿ. ಅದು ಗಟ್ಟಿಯಾಗುವುದಿಲ್ಲ, ಬೇಕೆಂದಾಗ ಕಿತ್ತು ತೆಗೆಯಬಹುದು. ಹುಳಿ ವಾಸನೆಯ ಸಿಲಿಕೋನ್ ಅಂಟು ಮಾತ್ರ ಬೇಡ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ.

ಪೈಪಿನ ಬಾಯಿಗೆ ಕೈ ಹಾಕುವ ಮುನ್ನ ಮೇನ್ ಸ್ವಿಚ್ ಆರಿಸಿ, ಇನ್ವರ್ಟರನ್ನೂ ಆರಿಸಿ. ಇದನ್ನು ಒತ್ತಿ ಹೇಳುತ್ತೇನೆ: ಮೇನ್ ಆರಿಸಿದರೂ ಇನ್ವರ್ಟರಿನಿಂದ ಅದೇ 230 ವೋಲ್ಟ್ ಬೋರ್ಡಿಗೆ ಬರುತ್ತಿರುತ್ತದೆ. ಬೋರ್ಡ್ ಬಿಚ್ಚುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಮರುಪ್ರಶ್ನೆ: ಊದುಬತ್ತಿ ಹಿಡಿದು ನೋಡಿದೆ ಸರ್, ಹೊಗೆ ಸ್ವಿಚ್ಚುಗಳ ನಡುವೆಯೇ ಚದುರಿತು. ಪೈಪಿನ ಬಾಯಿ ಹೊರಗೋಡೆಯಲ್ಲಿ ಆಕಾಶಕ್ಕೆ ಮುಖ ಮಾಡಿದೆ. ಬೋರ್ಡಿನ ಕೆಳಗೆ ಗೋಡೆಯೂ ತೇವವಾಗಿದೆ. ಇಂದೇ ಮೇಣ ಒತ್ತಿಬಿಡಲೇ?

ಉತ್ತರ: ತಡೆಯಿರಿ. ಗಾಳಿಯ ಜೊತೆ ನೀರೂ ಇಳಿಯುತ್ತಿದೆ. ಈಗಲೇ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಆ ಬೋರ್ಡಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಅದಕ್ಕೆ ಕರೆಂಟ್ ಕೊಡುವ ಸ್ವಿಚ್) ಮತ್ತು ಇನ್ವರ್ಟರ್ ಎರಡನ್ನೂ ಆರಿಸಿ, ಮಗುವಿನ ಹಾಸಿಗೆಯನ್ನು ದೂರ ಸರಿಸಿ, ತೇವದ ಗೋಡೆಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಎಲೆಕ್ಟ್ರಿಷಿಯನ್ ಬಂದು ಪೈಪಿಗೆ ಬೆಂಡ್ ಹಾಕಿ ಬಾಯಿಯನ್ನು ನೆಲದ ಕಡೆ ತಿರುಗಿಸಲಿ, ಒಳಭಾಗ ಒಣಗಿಸಿ ವೈರಿನ ಇನ್ಸುಲೇಷನ್ ಪರೀಕ್ಷಿಸಲಿ. ಮೇಣದ ಕೆಲಸ ಕೊನೆಗೆ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ತಾನೇ ಆರಿಸುವ ಸ್ವಿಚ್, ಇಲ್ಲದಿದ್ದರೆ ಇದೇ ಸಲ ಹಾಕಿಸಿಬಿಡಿ ಮೇಡಂ.