ಮಳೆಗಾಲದಲ್ಲಿ ಊರಿಗೇ ಒಂದು ಮೈಕ್ರೋಗ್ರಿಡ್: ಸರ್ಕಾರದ ದುಡ್ಡು ಸಿಗುತ್ತಾ?

ಕಾಡಂಚಿನವ:
ನಮ್ಮದು ತೀರ್ಥಹಳ್ಳಿ ಕಡೆ. ಇಪ್ಪತ್ತು ಚಿಲ್ಲರೆ ಮನೆ, ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳಿಸುವುದಿಲ್ಲ. ಪುನರ್ವಸು ಮಳೆ ಹಿಡಿದರೆ ಲೈನ್ ಮೇಲೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ, ಆಮೇಲೆ ದಿನಗಟ್ಟಲೆ ಕತ್ತಲೆ. ಲೈನ್‌ಮನ್‌ಗಳನ್ನು ಬೈಯಲು ಮನಸ್ಸು ಬರುವುದಿಲ್ಲ, ಪಾಪ ಇಂಬಳ ಕಚ್ಚಿಸಿಕೊಂಡು ಕೆಸರಲ್ಲಿ ಕಂಬ ಎಳೆಯುತ್ತಾರೆ. ಆದರೆ ಟವರ್ ಬ್ಯಾಟರಿ ಸತ್ತರೆ ಫೋನೂ ಇಲ್ಲ, ಪಂಚಾಯ್ತಿ ಬೋರೂ ಓಡುವುದಿಲ್ಲ, ಇನ್ಸುಲಿನ್ ಇಡಲು ಫ್ರಿಜ್ಜೂ ಇಲ್ಲ. ಎಲ್ಲರೂ ಸೇರಿ ಸೋಲಾರ್, ಬ್ಯಾಟರಿ ಹಾಕಿ ಊರಿಗೇ ಒಂದು ಮೈಕ್ರೋಗ್ರಿಡ್, ಅಂದರೆ ನಮ್ಮದೇ ಪುಟ್ಟ ಕರೆಂಟ್ ಜಾಲ, ಮಾಡಿಕೊಂಡರೆ ಸರ್ಕಾರ ದುಡ್ಡು ಕೊಡುತ್ತದಾ? ಮನೆ ಮಾಡಿನ ಸೋಲಾರಿಗೆ ಕೇಂದ್ರದ ಸೂರ್ಯಘರ್ ಯೋಜನೆ ಅಂತಾರಲ್ಲ, ಅದು ಬರುತ್ತದಾ?

ನಿವೃತ್ತ ಇಂಜಿನಿಯರ್:
ಮೊದಲು ಒಂದು ತಿಳಿದುಕೊಳ್ಳಿ. ಸೂರ್ಯಘರ್ ಸಬ್ಸಿಡಿ (1 ಕಿಲೋವ್ಯಾಟ್‌ಗೆ 30,000, 3 ಕಿಲೋವ್ಯಾಟ್ ಮತ್ತು ಮೇಲಕ್ಕೆ 78,000 ರೂ.) ತೆಗೆದುಕೊಂಡು ಮಾಮೂಲಿ ಆನ್‌ಗ್ರಿಡ್ (ಬ್ಯಾಟರಿ ಇಲ್ಲದೆ ಸರ್ಕಾರಿ ಲೈನಿಗೆ ಜೋಡಿಸಿದ ಸೋಲಾರ್) ಹಾಕಿಸಿದರೆ, ಲೈನ್ ಹೋದ ಕೂಡಲೇ ನಿಮ್ಮ ಇನ್ವರ್ಟರೂ ಆಫ್ ಆಗುತ್ತದೆ. ಬೇಕಂತಲೇ ಹಾಗೆ ಮಾಡಿರುವುದು. ಇಲ್ಲದಿದ್ದರೆ ಸತ್ತ ಲೈನ್ ಅಂತ ಕೈ ಹಾಕಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಬಿಸಿಲಿದ್ದರೂ ಮನೆ ಕತ್ತಲೆ! ಬ್ಯಾಟರಿ ಇರುವ ಹೈಬ್ರಿಡ್ ಬೇಕು. ಆ ಸಬ್ಸಿಡಿ ಲೆಕ್ಕ ಪ್ಯಾನೆಲ್ ಕಿಲೋವ್ಯಾಟ್ ಮೇಲೆ, ಬ್ಯಾಟರಿ ಖರ್ಚು ನಿಮ್ಮ ತಲೆ ಮೇಲೆ.

ಅದೇ ಯೋಜನೆಯಲ್ಲಿ ಮಾದರಿ ಸೌರ ಗ್ರಾಮ ಅಂತ ಇದೆ. ಜಿಲ್ಲೆಗೊಂದು ಊರು, ಗೆದ್ದ ಊರಿಗೆ 1 ಕೋಟಿ. ಆದರೆ ಸ್ಪರ್ಧೆಗೆ ಇಳಿಯಲು ನಮ್ಮ ರಾಜ್ಯದಲ್ಲಿ 5,000ಕ್ಕಿಂತ ಜಾಸ್ತಿ ಜನಸಂಖ್ಯೆ ಇರಬೇಕು. ಅಂದರೆ ಯಾವ ಊರಲ್ಲಿ ಕಂಬ ಮುರಿದರೆ ಯಾರೂ ತಿರುಗಿ ನೋಡುವುದಿಲ್ಲವೋ, ಆ ಊರು ಬಾಗಿಲಲ್ಲೇ ಹೊರಗೆ.

ಹಳ್ಳದ ದಂಡೆ:
ಇಂಜಿನಿಯರ್ ಸಾರ್ ಹೇಳಿದ್ದು ಸರಿ, ಆದರೆ ಮಾರಾಯ್ರೆ, ಜುಲೈ ತಿಂಗಳಲ್ಲಿ ಮಲೆನಾಡಲ್ಲಿ ಬಿಸಿಲು ಎಲ್ಲಿ? ಕರೆಂಟು ಹೋಗುವುದೂ ಆಗಲೇ, ಪ್ಯಾನೆಲ್ ಮಲಗುವುದೂ ಆಗಲೇ. ಹಳ್ಳ ತುಂಬಿ ಹರಿಯುವುದೂ ಆಗಲೇ ಅಲ್ವಾ! ನಮ್ಮಲ್ಲಿ ಪೈಕೋ ಹೈಡ್ರೋ ಇದೆ. ಗುಡ್ಡದ ಮೇಲಿಂದ ಪೈಪ್, ಕೆಳಗೆ ಪುಟ್ಟ ಟರ್ಬೈನ್, 1 ಕಿಲೋವ್ಯಾಟ್. ಲೈಟು, ಟಿವಿ, ಫೋನು ನಡೆಯುತ್ತದೆ. ಉಳಿದ ಕರೆಂಟನ್ನು ಕಂಟ್ರೋಲರ್ ಹೀಟರಿಗೆ ತಿರುಗಿಸುತ್ತದೆ, ಬಚ್ಚಲಲ್ಲಿ ಪುಕ್ಕಟೆ ಬಿಸಿನೀರು. ಮೊದಲು ಕ್ರೆಡಲ್ (ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ) ಮೂಲಕ ಇದಕ್ಕೆ ಸಬ್ಸಿಡಿ ಸಿಕ್ಕಿ ಚಿಕ್ಕಮಗಳೂರು, ಕೊಡಗಿನ ಕಡೆ ತುಂಬಾ ಮನೆಗಳಲ್ಲಿ ಕೂರಿಸಿದ್ದಾರೆ. ಕಷ್ಟ ಒಂದೇ, ಮೇಲೆ ಪೈಪಿನ ಬಾಯಿಯ ಜಾಲರಿಗೆ ಎಲೆ ಕಟ್ಟುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ರಾತ್ರಿ ಗುಡ್ಡ ಹತ್ತಿ ಅದನ್ನು ತೆಗೆಯಬೇಕು.

ಲೆಕ್ಕದವನು:
ದುಡ್ಡು ತರುವುದು ಹೇಗೋ ಆಗುತ್ತದೆ. ಬ್ಯಾಟರಿ ಸತ್ತಾಗ ಯಾರು ಕೊಡುತ್ತಾರೆ? ಬಿಹಾರದ ಧರ್ನಾಯಿ ನೋಡಿ. 2014ರಲ್ಲಿ ಗ್ರೀನ್‌ಪೀಸ್‌ನವರು 100 ಕಿಲೋವ್ಯಾಟ್ ಮೈಕ್ರೋಗ್ರಿಡ್ ಹಾಕಿದರು, ದೇಶವೆಲ್ಲ ಸುದ್ದಿ. ಆಮೇಲೆ ಅಗ್ಗದ ಸರ್ಕಾರಿ ಲೈನ್ ಬಂತು, ಬ್ಯಾಟರಿ ಮುಗಿಯಿತು, ಆ ಜಾಗದಲ್ಲಿ ದನ ಕಟ್ಟಿದರು. ತಿಂಗಳಿಗೆ ಮನೆಗಿಷ್ಟು ಅಂತ ಎತ್ತಿಡದಿದ್ದರೆ ನಿಮ್ಮದೂ ಕೊಟ್ಟಿಗೆಯೇ.

ಕಾಡಂಚಿನವ:
ಅಣ್ಣಾ, ಒಂದು ಮಾತು. ಬೆಂಗಳೂರಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬೀದಿಯವರು ಚಂದಾ ಎತ್ತುತ್ತಾರಾ? ನಾವೂ ಅದೇ ಬಿಲ್ ಕಟ್ಟುವವರು. ಲೈನ್ ಉಳಿಸಿಕೊಡಲು ಆಗದಿದ್ದರೆ ಅದರ ಬದಲಿಯನ್ನಾದರೂ ಸರ್ಕಾರವೇ ನೋಡಿಕೊಳ್ಳಬೇಕು. ನಿರ್ವಹಣೆಯೂ ಸೇರಿಯೇ.

ನಿವೃತ್ತ ಇಂಜಿನಿಯರ್:
ನ್ಯಾಯ ನಿಮ್ಮ ಕಡೆ ಇದೆ, ಆದರೆ ಮುಂದಿನ ಮಳೆಗೆ ಅದು ದೀಪ ಹಚ್ಚುವುದಿಲ್ಲ. ಇಪ್ಪತ್ತು ಮನೆಗೂ ತಂತಿ ಎಳೆಯುವ ಯೋಚನೆ ಬಿಡಿ. ಅದೇ ಮರ ನಿಮ್ಮ ತಂತಿ ಮೇಲೂ ಬೀಳುತ್ತದೆ. ಬೋರಿನ ಪಂಪು, ಅಂಗನವಾಡಿಯಲ್ಲಿ ಒಂದು ಫ್ರಿಜ್ಜು, ಫೋನ್ ಚಾರ್ಜ್ ಮಾಡಲು ಹತ್ತು ಪ್ಲಗ್ಗು. ಇಷ್ಟಕ್ಕೆ ಮಾತ್ರ ಅಂದಾಜುಪಟ್ಟಿ ಮಾಡಿಸಿ, ಹಳ್ಳ ಹತ್ತಿರವಿದ್ದರೆ ಪೈಕೋವನ್ನೂ ಸೇರಿಸಿ. ಪಂಚಾಯ್ತಿಗೆ ಬರುವ ಹಣಕಾಸು ಆಯೋಗದ ದುಡ್ಡಲ್ಲಿ ಒಂದು ಪಾಲು ಕುಡಿಯುವ ನೀರಿಗೆ ಮೀಸಲು. ಹಾಗಾಗಿ "ಮೈಕ್ರೋಗ್ರಿಡ್" ಅಂತ ಬರೆಯಬೇಡಿ, ಪಿಡಿಒ ಪೆನ್ನು ಕೆಳಗಿಡುತ್ತಾರೆ. "ಕುಡಿಯುವ ನೀರಿನ ಪಂಪಿಗೆ ಬದಲಿ ವಿದ್ಯುತ್" ಅಂತ ಬರೆಯಿರಿ. ಐದು ವರ್ಷದ ನಿರ್ವಹಣೆ ಹಾಕಿಸಿದವರದ್ದೇ ಅಂತ ಟೆಂಡರಲ್ಲೇ ಸೇರಿಸಲು ಹೇಳಿ. ಗ್ರಾಮಸಭೆ ನಡಾವಳಿಯಲ್ಲಿ ಬರೆಸದೆ ಎದ್ದು ಬರಬೇಡಿ.

ಹಳ್ಳದ ದಂಡೆ:
ಪೈಕೋ ನೋಡಬೇಕಿದ್ದರೆ ಮಳೆಗಾಲದಲ್ಲೇ ಬನ್ನಿ, ಬೇಸಿಗೆಯಲ್ಲಿ ನಮ್ಮದೂ ನಿಂತಿರುತ್ತದೆ.