ಹೂವಿನ ಡಿಸೈನ್ ಬಟ್ಟೆ: ಸೋಫಾಕ್ಕೆ ಎಷ್ಟು ಮೀಟರ್ ತಗೊಂಡ್ರಿ?

ಕೇಳಿದವರು, ದಾವಣಗೆರೆ:
ನಮ್ಮ ತಂದೆ ಮಾಡಿಸಿದ್ದ ಸಾಗುವಾನಿ ಸೋಫಾ ಸೆಟ್ಟಿಗೆ ಹೊಸ ಬಟ್ಟೆ ಹಾಕಿಸಬೇಕು. ಮನೆಯಲ್ಲಿ ದೊಡ್ಡ ಹೂವಿನ ಡಿಸೈನೇ ಬೇಕು ಅಂತಾರೆ. ಅಂಗಡಿಯವರು 10 ಮೀಟರ್ ಸಾಕು ಅಂದರು, ಕುಶನ್ ಕೆಲಸದವರು 14 ತನ್ನಿ ಅಂತಾರೆ. ಮಾಡಿಸಿದವರು ಇದ್ದರೆ ಅನುಭವ ಹೇಳಿ.

ವಿದ್ಯಾನಗರದಿಂದ:
ಕಣ್ಣು ಮುಚ್ಚಿಕೊಂಡು 14 ತನ್ನಿ. ಹೋದ ವರ್ಷ ನಾನು 10 ತಂದು ಕೆಟ್ಟೆ. ಮೀಟರಿಗೆ 480ರ ಬಟ್ಟೆ. ಒಂದು ಹೂವಿನ ನಡುವಿಂದ ಮುಂದಿನ ಹೂವಿನ ನಡುವಿಗೆ 25 ಇಂಚು. ಹೂವು ಸೀಟಿನ ನಡುವಿಗೇ ಬರಬೇಕು, ಆ ತುಂಡಿಗೆ ಹೊಲಿಗೆ ಸೇರಿ 26 ಬೇಕು. ಒಂದೇ ಇಂಚು ನೋಡಿ! ಅಷ್ಟಕ್ಕೇ ಮುಂದಿನ ಹೂವು ಕತ್ತರಿಗೆ ಸಿಕ್ಕಿ ಕೆಟ್ಟಿತು, ಅದನ್ನು ಬಿಟ್ಟು ಅದರ ಕೆಳಗಿನದನ್ನು ಹಿಡಿಯಬೇಕು. ಕೆಲಸದವನು ಬಟ್ಟೆ ಉಳಿಸೋಕೆ ಹೋಗಿ ಸಿಕ್ಕ ಹಾಗೆ ಕತ್ತರಿಸಿದ. ನಡುವಿನ ಸೀಟಿನಲ್ಲಿ ಅರ್ಧ ಹೂವು, ಉಳಿದ ಅರ್ಧ ಬೆನ್ನಿನ ಸಂದಿಯೊಳಗೆ. ಎಡಗಡೆ ಸೀಟಿನಲ್ಲಿ ಬಳ್ಳಿ ತಲೆಕೆಳಗು. ಬಿಚ್ಚಿಸೋಕೆ 1,500. ಮತ್ತೆ 4 ಮೀಟರ್, 1,920. ಅದೂ ಬೇರೆ ಲಾಟ್, ಅಂದ್ರೆ ಬೇರೆ ಸಲ ಬಣ್ಣ ಹಾಕಿದ್ದು, ಕೆಂಪು ಸ್ವಲ್ಪ ಮಂಕು. ಬೆಳಗಿನ ಬಿಸಿಲು ಬಿದ್ದಾಗ ಇವತ್ತಿಗೂ ಎದ್ದು ಕಾಣುತ್ತೆ. ಮೊದಲ ಬಟ್ಟೆ 4,800, ಕೂಲಿ 6,500. ಒಟ್ಟು 14,720 ರೂಪಾಯಿ!

ಚಿತ್ರದುರ್ಗ, ಹೊಳಲ್ಕೆರೆ ರಸ್ತೆ:
ಹೂವು ಬಿಡಿ, ಪಟ್ಟೆ ಹಾಕಿಸಿ. ನಿವೃತ್ತಿ ಆದ ಮೇಲೆ ನಾನೇ ಕೂತು ಹಾಕಿದ್ದೇನೆ. ಬಟ್ಟೆಯ ಪನ್ನ, ಅಂದ್ರೆ ಅಗಲ, 54 ಇಂಚು, ನಮ್ಮ ಸೋಫಾದ ಬೆನ್ನು 66. ಎಲ್ಲರ ಹಾಗೆ ಹಾಕಿದರೆ ಎರಡು ತುಂಡು ಸೇರಿಸಿ ಹೊಲಿದ ಜೋಡು ಬರುತ್ತೆ. ಬಟ್ಟೆಯನ್ನೇ ಅಡ್ಡ ತಿರುಗಿಸಿದೆ. ಒಂದೇ ತುಂಡು, ಒಂದೂ ಜೋಡಿಲ್ಲ. ಮೊದಲ ಸಲ ಮಾತ್ರ ಮೂಲೆಯಿಂದ ಪಿನ್ ಹೊಡೆಯುತ್ತಾ ಬಂದೆ. ಎಳೆದೆಳೆದು ಪಟ್ಟೆ ಬಿಲ್ಲಿನ ಹಾಗೆ ಬಾಗಿತು. 212 ಪಿನ್ನನ್ನು ಸ್ಕ್ರೂಡ್ರೈವರಿನಲ್ಲಿ ಒಂದೊಂದಾಗಿ ಕಿತ್ತೆ, ಎಣಿಸಿದ್ದೇನೆ. ಹೆಬ್ಬೆರಳಿನ ಚರ್ಮ ಕಿತ್ತು ಬಂತು. ಎರಡನೇ ಸಲ ನಡುವಿನಲ್ಲಿ ಮೊದಲ ಪಿನ್, ಆಮೇಲೆ ಎಡಕ್ಕೊಂದು ಬಲಕ್ಕೊಂದು. ಈಗ ದಾರ ಹಿಡಿದು ನೋಡಿದರೂ ನೆಟ್ಟಗಿದೆ.

ವಿದ್ಯಾನಗರದಿಂದ:
ಸರ್, ಅವರು ಕೇಳಿದ್ದು ಹೂವು. ಅಡ್ಡ ತಿರುಗಿಸಿದರೆ ಹೂವು ಮಲಗುತ್ತೆ. ಎಲ್ಲರಿಗೂ ನಿಮ್ಮ ಪಟ್ಟೆ ಹಾಕಿಸಬೇಡಿ.

ಮಂಡಿಪೇಟೆಯಿಂದ:
20 ವರ್ಷದಿಂದ ಕುಶನ್ ಕೆಲಸ ನನ್ನದು. ಅಕ್ಕಾ, 10 ಮೀಟರ್ ತಂದುಕೊಟ್ಟು 14 ಮೀಟರಿನ ಕೆಲಸ ಕೇಳಿದರೆ ಯಾರಿಂದ ಆಗುತ್ತೆ? ನಾವು ಜಾಸ್ತಿ ಹೇಳಿದರೆ ಬಟ್ಟೆ ಕದಿಯುತ್ತೀವಿ ಅಂತೀರಿ. ಉಳಿದ ತುಂಡು ನಮ್ಮ ಮನೆಗೆ ಒಯ್ಯಲ್ಲ. ಪಕ್ಕದ ಪಟ್ಟಿಗೆ, ಅಂಚಿಗೆ ಹೊಲಿಯುವ ಪೈಪಿಂಗಿಗೆ ಅದರಲ್ಲೇ ತೆಗೆಯುತ್ತೀವಿ. ಪೈಪಿಂಗ್ ಓರೆಯಾಗಿ ಕತ್ತರಿಸಬೇಕು, ಇಲ್ಲಾಂದ್ರೆ ಮೂಲೆಯಲ್ಲಿ ಸುಕ್ಕು ಬರುತ್ತೆ. ಅದಕ್ಕೇ ಬಟ್ಟೆ ಹಿಡಿಯುತ್ತೆ.

ವಿದ್ಯಾನಗರದಿಂದ:
ಸಾಲಲ್ಲ ಅಂತ ಕತ್ತರಿ ಹಾಕೋ ಮೊದಲು ಹೇಳಬೇಕಿತ್ತು ಅಲ್ವಾ? ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಚಳ್ಳಕೆರೆಯಿಂದ:
ನಾನು ಅಮ್ಮನ ಹಳೇ ಮೊಳಕಾಲ್ಮೂರು ಸೀರೆಯನ್ನು ಒಂಟಿ ಕುರ್ಚಿಗೆ ಹಾಕಿಸಿದೆ. ಬುಟ್ಟಾ ಸರಿಯಾಗಿ ನಡುವಿಗೆ ಬಂತು, ಅಂಚು ಮುಂದಿನ ಪಟ್ಟಿಗೆ. ಕೂರುವ ಜಾಗ ಎಂಟೇ ತಿಂಗಳಿಗೆ ಹರಿಯಿತು. ಬೆನ್ನು ಮಾತ್ರ ಇನ್ನೂ ಹಾಗೇ ಇದೆ. ಅದಕ್ಕೆ ಒರಗಿದರೆ ಅಮ್ಮನಿಗೇ ಒರಗಿದ ಹಾಗಾಗುತ್ತೆ.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆ:
ರೇಷ್ಮೆ ಸೀರೆ ಕತ್ತರಿಸಿ ಕುರ್ಚಿಗೆ ಹಾಕೋದು ಪಾಪದ ಕೆಲಸ. ನೇಕಾರ ದಿನಗಟ್ಟಲೆ ಕೂತು ನೇಯ್ದದ್ದು ಅದು. ಈ ಕಡೆಯವರಿಗೆ ಬಟ್ಟೆಯ ಬೆಲೆಯೇ ಗೊತ್ತಿಲ್ಲ.

ಚಳ್ಳಕೆರೆಯಿಂದ:
ಪೆಟ್ಟಿಗೆಯಲ್ಲಿ ಮಡಿಕೆ ಮಡಿಕೆಗೂ ಸೀಳುತ್ತಿತ್ತು. ಉಡೋಕೆ ಆಗ್ತಿರಲಿಲ್ಲ. ನಮ್ಮಮ್ಮನ ಸೀರೆ, ನನಗೆ ನೋವಿಲ್ಲ ಅಂದುಕೊಂಡ್ರಾ?

ಮಂಡಿಪೇಟೆಯಿಂದ:
ಈ ಕಡೆಯವರು ಅಂದ್ರೆ ಯಾರು ಸರ್? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ನಮ್ಮಪ್ಪ ಇಲ್ಲಿ ಹತ್ತಿ ಮಿಲ್ಲಿನಲ್ಲಿ ದುಡಿದವರು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೂಲು ಎಷ್ಟು ಗಟ್ಟಿ ಅಂತ ಹೇಳುತ್ತಿದ್ದರು. ಮಾತು ವಾಪಸ್ ತಗೊಳ್ಳಿ.

ಕೇಳಿದವರು, ದಾವಣಗೆರೆ:
ಈಗ ಅಂಗಡಿಯಲ್ಲೇ ಟೇಪ್ ಹಿಡಿದು ನಿಂತಿದ್ದೇನೆ. ಹೂವಿಂದ ಹೂವಿಗೆ 24 ಇಂಚು ಇದೆ. 14 ಮೀಟರೂ ಒಂದೇ ಲಾಟಿನಲ್ಲಿ ಕೊಡಿ ಅಂದೆ, ಒಳಗೆ ಹುಡುಕ್ತಿದಾರೆ.